ಗಾಬೋಳಿ ಲವಣೀಕರಣ ಮೀಮಾಂಸೆ

ಹಲ್ಮಿಡಿ ಶಾಸನದ ಕಾಲ ಯಾವುದೆಂದು ಚರ್ಚಿಸಿ ಆಗಿದೆ. ಪಂಪನ ಊರು ಯಾವುದೆಂದು ಜಗಳವಾಡಿಯೂ ಆಗಿದೆ. ಆದರೆ ಮೀನಿನ ಹೊಟ್ಟೆಯೊಳಗೆ ಜೋಡಿಯಾಗಿ ಮಲಗಿರುವ ತತ್ತಿಚೀಲದ ಮೇಲೆ ಕನ್ನಡದ ವಿದ್ವತ್ತು ಈವರೆಗೆ ಕಣ್ಣು ಹಾಯಿಸಿಲ್ಲ. ಬಾಯಿ ಮಾತ್ರ ಹಾಕಿದೆ. ಕಾರವಾರ, ಅಂಕೋಲಾ ಕಡೆ ಗಾಬೋಳಿ ಎನಿಸಿಕೊಳ್ಳುವ ಈ ವಸ್ತುವನ್ನು ಮನೆಯಲ್ಲೇ ಉಪ್ಪು ಹಾಕಿ ಒಣಗಿಸಿಡುವ ಕ್ರಮವನ್ನು ಶಾಸ್ತ್ರೋಕ್ತವಾಗಿ ನಿರೂಪಿಸಿ, ಆ ಮಹತ್ತರ ಕೊರತೆಯನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ವಿನಮ್ರ ಉದ್ದೇಶ. ಕೊರತೆ ಇದೆಯೆಂದು ಯಾರಿಗೂ ಅನ್ನಿಸಿರಲಿಲ್ಲ ಎಂಬುದು ನಿಜ. ಸಂಶೋಧನೆಗೆ ಅದು ಎಂದೂ ಅಡ್ಡಿಯಾದದ್ದಿಲ್ಲ.

ಮೊದಲು ಪೂರ್ವಪಕ್ಷ. ಕರಾವಳಿಯಲ್ಲಿ ಬೇರೂರಿರುವುದು ಸದ್ಯೋಭರ್ಜನವಾದ. ಎಂದರೆ, ಸಿಕ್ಕ ಕೂಡಲೇ ಹುರಿದು ತಿನ್ನತಕ್ಕದ್ದು ಎಂಬ ಮತ. ಇದರ ಪ್ರಕಾರ ಗಾಬೋಳಿಯನ್ನು ಉಪ್ಪು, ಅರಿಶಿನ ಹಾಕಿದ ನೀರಿನಲ್ಲಿ ಗಟ್ಟಿಯಾಗುವಷ್ಟು ಬೇಯಿಸಿ, ಆರಿಸಿ, ಬಿಲ್ಲೆ ಕೊಯ್ದು, ಮೆಣಸಿನ ಮಸಾಲೆ ಹಚ್ಚಿ, ರವೆಯಲ್ಲಿ ಹೊರಳಿಸಿ ಕಾವಲಿಗೆ ಹಾಕಬೇಕು. ಈ ಮತದವರು ಗ್ರಂಥ ಬರೆದಿಲ್ಲ. ಎದುರುಪಕ್ಷದ ಕೈಗೆ ಗಾಬೋಳಿಯೇ ಉಳಿಯದಂತೆ ನೋಡಿಕೊಂಡು ಪ್ರತಿ ಊಟದಲ್ಲೂ ವಾದ ಗೆಲ್ಲುವವರಿಗೆ ಗ್ರಂಥದ ಹಂಗೇಕೆ? ಪ್ರಸ್ತುತ ಪ್ರಬಂಧದ ಸಾಮಗ್ರಿಯೂ ಹೀಗೆ ಎಷ್ಟೋ ಸಲ ಕಾವಲಿಯ ಪಾಲಾಗಿದೆ. ನಮ್ಮದು ಲವಣೀಕರಣವಾದ. ಊರಿನಲ್ಲಿ ಇದು ಅಲ್ಪಸಂಖ್ಯಾತರ ಮತ, ಮನೆಯಲ್ಲಿ ಒಬ್ಬನದೇ.

ಇನ್ನು ಆಕರ. ಚೀಲ ಎಲ್ಲೂ ಹರಿದಿರಬಾರದು, ಮುಟ್ಟಿದರೆ ಬಿಗಿಯಾಗಿರಬೇಕು, ಕಡಲ ವಾಸನೆ ಇರಬೇಕೇ ಹೊರತು ಮೂಗು ಚುಚ್ಚುವ ವಾಸನೆ ಸಲ್ಲದು. ಈ ಲಕ್ಷಣಗಳನ್ನೆಲ್ಲ ವಿವರಿಸಿ ಇಸವಾಣದ ಗಾಬೋಳಿ ಕೇಳಿದಾಗ ಮೀನು ಮಾರುವಾಕೆ ಕೊಟ್ಟ ಭಾಷ್ಯ ಹೀಗಿದೆ: “ಮಾಸ್ತರ್ರೆ, ಹೊಟ್ಟೆ ಉಬ್ಬಿದ ಮೀನು ತಕಳಿ. ಒಳಗಿದ್ರೆ ನಿಮ್ಮ ಪುಣ್ಯ, ಇಲ್ದಿದ್ರೆ ಸಾರು ಮಾಡಿ.” ಸಂಭವನೀಯತೆಯ ಸಿದ್ಧಾಂತವನ್ನು ಇಷ್ಟು ಚಿಕ್ಕದಾಗಿ ಯಾವ ವಿಶ್ವವಿದ್ಯಾಲಯವೂ ಕಲಿಸಲಾರದು. ಶುಲ್ಕ ಮಾತ್ರ ಚಿಕ್ಕದಾಗಿರಲಿಲ್ಲ.

ಕವಿಗಳ ಕಾಲನಿರ್ಣಯಕ್ಕಿಂತ ಗಾಬೋಳಿಯ ಕಾಲನಿರ್ಣಯ ಕಷ್ಟದ್ದು. ಬಂಗಡೆ, ತಾರ್ಲೆ ಮೊದಲಾದ ಎಷ್ಟೋ ಮೀನುಗಳು ತತ್ತಿ ಕಟ್ಟುವುದು ಮಳೆಗಾಲದ ಆಸುಪಾಸಿನಲ್ಲಿ. ಅವುಗಳ ಸಂತಾನ ಉಳಿಯಲೆಂದೇ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ನಾಡದೋಣಿ ತಂದಷ್ಟೇ ಭಾಗ್ಯ. ಅತ್ತ ಗೋಕರ್ಣದ ಬಳಿಯ ಸಾಣಿಕಟ್ಟಾದ ಆಗರಗಳಲ್ಲಿ ಅಘನಾಶಿನಿಯ ಉಪ್ಪುನೀರು ಹರಳುಗಟ್ಟುವುದು ಬೇಸಿಗೆಯ ಬಿಸಿಲಿಗೆ. ಉಪ್ಪನ್ನಾದರೆ ಭರಣಿಯಲ್ಲಿ ತುಂಬಿಡಬಹುದು, ಬಿಸಿಲನ್ನು ಯಾವುದರಲ್ಲಿ ತುಂಬಿಡೋಣ? ತತ್ತಿ, ಉಪ್ಪು, ಬಿಸಿಲು ಮೂರೂ ಒಟ್ಟಿಗೆ ಕೂಡಿಬಂದ ಅಪೂರ್ವ ದಿನ ಮನೆಗೆ ನೆಂಟರು ಬರುತ್ತಾರೆಂಬುದು ಅನುಭವಪ್ರಮಾಣ.

ಪ್ರಯೋಗಭಾಗದ ಹಣೆಬರಹವೆಲ್ಲ ಮೆಟ್ಟುಗತ್ತಿಯ ಮೇಲೆ. ಅಲಗು ಒಂದು ನೂಲು ಆಳಕ್ಕಿಳಿದರೆ ಚೀಲ ಹರಿದು ತತ್ತಿಯೆಲ್ಲ ಚೆಲ್ಲಿತು, ಸದ್ಯೋಭರ್ಜನವಾದಿಗಳು ಎಣ್ಣೆ ಕಾಯಿಸಿದರು. ಅಖಂಡವಾಗಿ ಹೊರಬಂದರೆ ಚೀಲದ ಉದ್ದಕ್ಕೂ ಹರಿದ ಕೆಂಪು ನಾಳವನ್ನು ಗಮನಿಸಿ. ಅದನ್ನು ಸೂಜಿಯಿಂದ ಅಲ್ಲಲ್ಲಿ ಚುಚ್ಚಿ, ತಣ್ಣೀರಿನಲ್ಲಿ ಮುಳುಗಿಸಿ, ಚಮಚದ ಬೆನ್ನಿನಿಂದ ಮೆಲ್ಲಗೆ ಸವರುತ್ತ ರಕ್ತವನ್ನು ಹೊರಗೆ ದಾಟಿಸಬೇಕು. ನೀರಿನಲ್ಲಿ ಕೆಂಪು ಎಳೆಯೊಂದು ಬಿಚ್ಚಿಕೊಂಡು ಕರಗುತ್ತದೆ. ಅವಸರಪಟ್ಟು ಒತ್ತಿದರೆ ಪೊರೆ ಪಟ್ಟನೆ ಒಡೆಯುತ್ತದೆ. ರಕ್ತ ಒಳಗೇ ಉಳಿದರೆ ಮುಂದೆ ಕಪ್ಪಾಗಿ ನಾರುತ್ತದೆ. ಇಲ್ಲಿ ಪಾಂಡಿತ್ಯ ಉಪಯೋಗಕ್ಕೆ ಬಾರದು, ಹೆಬ್ಬೆರಳು ಬೇಕು.

ಬಳಿಕ ತಟ್ಟೆಯಲ್ಲಿ ಉಪ್ಪಿನ ಹಾಸಿಗೆ, ಮೇಲೆ ಉಪ್ಪಿನ ಹೊದಿಕೆ. ಗಾತ್ರ ನೋಡಿಕೊಂಡು ಒಂದರಿಂದ ಮೂರ್ನಾಲ್ಕು ದಿನ ಫ್ರಿಜ್ಜಿನಲ್ಲಿಟ್ಟು, ಒಸರಿದ ನೀರನ್ನು ಆಗಾಗ ಚೆಲ್ಲಬೇಕು. ಉಪ್ಪು ತತ್ತಿಯೊಳಗಿನ ನೀರನ್ನು ಸೆಳೆಯುತ್ತದೆ, ನೀರು ಸಿಗದಾಗ ಕೊಳೆಸುವ ಸೂಕ್ಷ್ಮಾಣುಗಳ ಆಟ ನಡೆಯುವುದಿಲ್ಲ. ಲವಣೀಕರಣದ ತತ್ತ್ವ ಇಷ್ಟೇ. ಉಳಿದ ಪುಟಗಳು ಪದವಿಗಾಗಿ. ಆಮೇಲೆ ತೊಳೆದು, ಕೆಲವು ಗಂಟೆ ನೀರಿನಲ್ಲಿಟ್ಟು ಉಪ್ಪಿನ ಬಿಗಿ ಇಳಿಸಿ, ಎರಡು ಹಲಗೆಗಳ ನಡುವೆ ಒತ್ತಿಗೆ ಇಟ್ಟು, ಸೊಳ್ಳೆಪರದೆ ಮುಚ್ಚಿ ಒಣಗಿಸುವುದು. ದಿನವೂ ಮಗುಚಬೇಕು. ಹಳದಿ ಕೇಸರಿಯಾಗಿ, ಕೇಸರಿ ಕಂದಾಗಿ, ಕೊನೆಗೆ ಬೆಲ್ಲದಚ್ಚಿನಂತೆ ಗಟ್ಟಿಯಾದರೆ ಕಾರ್ಯ ಸಿದ್ಧಿ. ಈ ಅವಧಿಯಲ್ಲಿ ಬೆಕ್ಕು ಬಾಹ್ಯ ಪರೀಕ್ಷಕರ ಆಸಕ್ತಿಯಿಂದ ಸುತ್ತುತ್ತಿರುತ್ತದೆ. ಪ್ರಬಂಧವನ್ನು ಅದರೆದುರು ಬಿಚ್ಚಿಡಕೂಡದು.

ತೌಲನಿಕ ಅಧ್ಯಾಯವಿಲ್ಲದ ಪ್ರಬಂಧ ಪ್ರಬಂಧವೇ ಅಲ್ಲ. ಇಟಲಿಯ ಸಾರ್ಡೀನಿಯಾದವರ ಬೊತ್ತಾರ್ಗ, ಜಪಾನಿನ ನಾಗಸಾಕಿಯವರ ಕರಸುಮಿ ಎರಡೂ ಮಲ್ಲೆಟ್ ಮೀನಿನ ಗಾಬೋಳಿಯೇ. ಉಪ್ಪು, ಒತ್ತು, ಬಿಸಿಲು ಎಂಬ ತ್ರಿಪದಿಯೇ. ಕ್ಯಾಸ್ಪಿಯನ್ ಕಡೆಯವರು ಸ್ಟರ್ಜನ್ ತತ್ತಿಯನ್ನು ಜರಡಿಯ ಮೇಲೆ ಬಿಡಿಬಿಡಿಯಾಗಿಸಿ, ಶೇ. 3ರಿಂದ 5ರಷ್ಟೇ ಉಪ್ಪು ಬೆರೆಸಿ ಕ್ಯಾವಿಯರ್ ಎಂದು ಕರೆದರು. ಜಗತ್ತು ಅದನ್ನು ಎಷ್ಟು ಮೆಚ್ಚಿತೆಂದರೆ, 1998ರಿಂದ ಸ್ಟರ್ಜನ್ ಜಾತಿಗಳೆಲ್ಲವೂ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಬೇಕಾಯಿತು. ಸಾಲ್ಮನ್ ತತ್ತಿಯದು ಇನ್ನೊಂದು ಲೀಲೆ: ಬಿಸಿನೀರಿನಲ್ಲಿ ತೊಳೆದರೆ ಬೆಳ್ಳಗೆ ಮಂಕಾಗಿ ಜೀವ ಬಾಯಿಗೆ ತರಿಸುತ್ತದೆ, ಉಪ್ಪುನೀರಿಗೆ ಬಿದ್ದೊಡನೆ ಮತ್ತೆ ತಿಳಿಯಾಗುತ್ತದೆ. ಇವೆಲ್ಲಕ್ಕೂ ಮಿಗಿಲು ಜಪಾನಿನದೇ ಇಶಿಕಾವಾ ಪ್ರಾಂತ್ಯದವರ ಧೈರ್ಯ. ಉಬ್ಬುಮೀನಿನ ತತ್ತಿಚೀಲ ಮನುಷ್ಯನನ್ನು ಕೊಲ್ಲಬಲ್ಲ ವಿಷ. ಅದನ್ನು ಮೊದಲು ಉಪ್ಪಿನಲ್ಲಿ, ಆಮೇಲೆ ಅಕ್ಕಿಯ ತೌಡಿನಲ್ಲಿ ವರ್ಷಗಟ್ಟಲೆ ಹುಗಿದಿಟ್ಟು, ವಿಷ ಇಳಿಸಿ ತಿನ್ನುತ್ತಾರೆ. ಮನೆಯಲ್ಲಿ ಇದನ್ನು ಅನುಕರಿಸುವ ಸಂಶೋಧಕರು ಪ್ರಬಂಧದ ಮರಣೋತ್ತರ ಪ್ರಕಟಣೆಗೆ ಮುಂಚೆಯೇ ವ್ಯವಸ್ಥೆ ಮಾಡಿಕೊಳ್ಳುವುದು ಒಳ್ಳೆಯದು.

ಈ ಅಧ್ಯಾಯವನ್ನು ಮಾರ್ಗದರ್ಶಕಿಯವರಾದ ಆಯಿಗೆ ಓದಿ ಹೇಳಲಾಗಿ, “ಅವ್ರು ಎಷ್ಟ್ ವರ್ಷಾರೂ ಇಟ್ಕೊಳ್ಲಿ, ನೀನು ಆ ಫ್ರಿಜ್ ಖಾಲಿ ಮಾಡು, ದೋಸೆಹಿಟ್ಟಿಡ್ಬೇಕು” ಎಂಬ ಮೌಲಿಕ ಸಲಹೆ ದೊರೆಯಿತು.

ಕಡೆಯದು ಫಲಶ್ರುತಿ. ಮೇಲಿನ ಪೊರೆ ಸುಲಿದು, ಕಾಗದದಷ್ಟು ತೆಳ್ಳಗೆ ಕೊಯ್ದು, ಇಲ್ಲವೇ ತುರಿದು, ಬಿಸಿ ಕುಚ್ಚಲಕ್ಕಿ ಗಂಜಿಯ ಮೇಲೆ ಉದುರಿಸಿದವನು ಬೇರೆ ಉಪ್ಪು ಕೇಳನು, ಉಪ್ಪಿನಕಾಯಿಯನ್ನೂ ಕೇಳನು. ಮೌಖಿಕ ಪರೀಕ್ಷೆಯಲ್ಲಿ ಆಯಿ ಒಂದು ಚೂರನ್ನು ಬಾಯಲ್ಲಿಟ್ಟು, ಬಹಳ ಹೊತ್ತು ಏನೂ ಹೇಳದೆ, ಆಮೇಲೆ ಅಂದದ್ದು: “ಉಪ್ಪು ಜಾಸ್ತಿ ಆಯ್ತು ಮಾರಾಯಾ. ಇನ್ನೊಂದ್ ಚೂರು ಕೊಡು.” ಮೊದಲ ವಾಕ್ಯವನ್ನು ತಿದ್ದುಪಡಿಯ ಸೂಚನೆಯೆಂದೂ ಎರಡನೆಯದನ್ನು ಪದವಿ ಪ್ರದಾನವೆಂದೂ ಸ್ವೀಕರಿಸಲಾಗಿದೆ.