ನರವಿಜ್ಞಾನದ ಸ್ಟೆಮತ್ವ: ಒಂದು ಅಂತರ್‌ಶಿಸ್ತೀಯ ಜಿಜ್ಞಾಸೆ

ಪ್ರಸ್ತುತ ಅಧ್ಯಯನದ ವ್ಯಾಪ್ತಿ ಅಪಾರ, ಮಿತಿ ಪುಟಸಂಖ್ಯೆ. ನರವಿಜ್ಞಾನ, ಅರ್ಥಾತ್ ನ್ಯೂರೋಸೈನ್ಸ್, ಸ್ಟೆಮ್ ಹೌದೋ ಅಲ್ಲವೋ ಎಂಬ ಸಮಸ್ಯೆಯನ್ನು ಬಹುಆಯಾಮಿ ಸಂಕಥನದ ನೆಲೆಯಲ್ಲಿ ಸಮಗ್ರಾತ್ಮಕವಾಗಿ ಮುಖಾಮುಖಿಯಾಗುವುದು ಇದರ ಉದ್ದೇಶ. (ಈ ವಾಕ್ಯದ ಅರ್ಥ ಕೇಳಬಾರದು. ನನ್ನ ಮಾರ್ಗದರ್ಶಕರೂ ಕೇಳಲಿಲ್ಲ.)

ಪೂರ್ವಪಕ್ಷ: ಮಿದುಳಿಗೆ ಹುಟ್ಟಿನಿಂದಲೇ ಸ್ಟೆಮ್ ಇದೆ. ಬೆನ್ನುಹುರಿಯ ಮೇಲ್ತುದಿಯಲ್ಲಿ ಕೂತು ಉಸಿರು, ಎದೆಬಡಿತಗಳನ್ನು ನೋಡಿಕೊಳ್ಳುವ ಬ್ರೈನ್‌ಸ್ಟೆಮ್ ಯಾವ ಸರ್ಕಾರದ ಅಪ್ಪಣೆಗೂ ಕಾದಿಲ್ಲ. ಆದ್ದರಿಂದ ಸ್ಟೆಮತ್ವ ಸ್ವತಃಸಿದ್ಧ.

ಆಕ್ಷೇಪ: ಇದು ಶ್ಲೇಷೆ, ಪ್ರಮಾಣವಲ್ಲ.

ಸರಿ. ಸ್ಟೆಮತ್ವದಲ್ಲಿ ನಾಲ್ಕು ಬಗೆ ಎಂದು ವಿದ್ವಾಂಸರ ಮತ (ವಿದ್ವಾಂಸ ನಾನೇ). ಮೊದಲನೆಯದು ಗಣಿತಾತ್ಮಕ ಸ್ಟೆಮತ್ವ. ನಮ್ಮ ಕರಾವಳಿಯವರು ಬೊಂಡಾಸ್ ಎನ್ನುವ ಸ್ಕ್ವಿಡ್‌ನ ದಪ್ಪ ನರತಂತುವಿನೊಳಗೆ ತಂತಿ ತೂರಿಸಿ, 1952ರಲ್ಲಿ ಹಾಜ್‌ಕಿನ್ ಮತ್ತು ಹಕ್ಸ್ಲಿ ನರದ ಮಿಡಿತವನ್ನು ಸಮೀಕರಣಗಳಿಗೆ ಇಳಿಸಿದರು. ಕೇಂಬ್ರಿಜ್‌ನ ಕಂಪ್ಯೂಟರ್ ಆಗ ಕೈಗೆ ಸಿಗದೆ, ಹಕ್ಸ್ಲಿ ಹಿಡಿಕೆ ತಿರುಗಿಸುವ ಲೆಕ್ಕಯಂತ್ರದಲ್ಲಿ ವಾರಗಟ್ಟಲೆ ಲೆಕ್ಕ ಹಾಕಿದ. ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ, ಸ್ಟೆಮ್‌ನ ನಾಲ್ಕೂ ಒಂದೇ ಬೊಂಡಾಸಿನಲ್ಲಿ! ಎರಡನೆಯದು ಚಿತ್ರಾತ್ಮಕ. ಚಿತ್ರಕಾರನಾಗುವ ಆಸೆಯಿದ್ದ ಕಹಾಲನನ್ನು ಅಪ್ಪ ವೈದ್ಯಕೀಯಕ್ಕೆ ನೂಕಿದ (ಅಪ್ಪಂದಿರು ಸ್ಪೇನಿನಲ್ಲೂ ಅಪ್ಪಂದಿರೇ). ಅವನು ಸೂಕ್ಷ್ಮದರ್ಶಕ ನೋಡಿ ಕೈಯಾರೆ ಬರೆದ ನರಕೋಶಗಳು 1906ರಲ್ಲಿ ನೊಬೆಲ್ ತಂದವು. ಜೊತೆಗೆ ಬಹುಮಾನ ಹಂಚಿಕೊಂಡ ಗಾಲ್ಜಿ, ನೊಬೆಲ್ ಭಾಷಣದಲ್ಲೇ ಕಹಾಲನ ನರಕೋಶ ಸಿದ್ಧಾಂತವನ್ನು ಅಲ್ಲಗಳೆದ. ಮೂರನೆಯದು, ನಾಲ್ಕನೆಯದು... ಬಿಡಿ, ಅವು ಎಷ್ಟಿದ್ದರೂ ಪ್ರಯೋಜನವಿಲ್ಲ.

ಏಕೆಂದರೆ ಸಿದ್ಧಾಂತ ಒಂದು ಸಂಖ್ಯೆ: 26.1501. ಅಮೆರಿಕದ ಆಂತರಿಕ ಭದ್ರತಾ ಇಲಾಖೆಯ ಸ್ಟೆಮ್ ಪಟ್ಟಿಯಲ್ಲಿ ನರವಿಜ್ಞಾನ ಇರುವುದು ಈ ಹೆಸರಿನಲ್ಲಿ. ವಿಜ್ಞಾನ ಯಾವುದೆಂದು ಭದ್ರತಾ ಇಲಾಖೆ ಹೇಳುತ್ತದೆ. ಜ್ಞಾನಮೀಮಾಂಸೆ ಇನ್ನು ಅಂಗಡಿ ಮುಚ್ಚಬಹುದು. ಓದು ಮುಗಿಸಿದ ವಿದೇಶಿ ವಿದ್ಯಾರ್ಥಿಗೆ ಅಲ್ಲಿ ದುಡಿಯಲು 12 ತಿಂಗಳು. ಸ್ಟೆಮ್ ಆದರೆ ಇನ್ನೂ 24. ವರ್ತನಾ ನರವಿಜ್ಞಾನದ 42.2706 ಪಟ್ಟಿಯ ಒಳಗೆ, ಸಾಮಾನ್ಯ ಮನಶ್ಶಾಸ್ತ್ರದ 42.0101 ಹೊರಗೆ. ಒಂದೇ ಮನೆಯ ಅಣ್ಣತಮ್ಮಂದಿರು, ಒಬ್ಬನಿಗೆ ಪಂಕ್ತಿಯಲ್ಲಿ ಎಲೆ, ಇನ್ನೊಬ್ಬನಿಗೆ ಜಗಲಿ.

ಇಷ್ಟು ಪಾಂಡಿತ್ಯ ನನಗೆ ಬಂದದ್ದು ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಯ ಸೋಫಾದ ಮೇಲೆ. ತಂಗಿಯ ಮಗಳ ಜೊತೆ ಹೋಗಿದ್ದೆ. ನೆನಪು ಹೇಗೆ ಕಳೆದುಹೋಗುತ್ತದೆ ಎಂಬುದನ್ನು ಓದಬೇಕು ಅವಳಿಗೆ, ಮನೆಯಲ್ಲಿ ನಮ್ಮಮ್ಮ ಅವಳನ್ನೇ "ಯಾರ ಮಗಳಮ್ಮ ನೀನು?" ಎಂದು ಕೇಳುವುದಕ್ಕೆ ಶುರುಮಾಡಿ ಎರಡು ವರ್ಷವಾಗಿತ್ತು. ಟೈ ಕಟ್ಟಿದ ಹುಡುಗ ಅದನ್ನು ಕೇಳಲಿಲ್ಲ. "ಮ್ಯಾಮ್, ಕೋಡ್ ಹೇಳಿ" ಅಂದ. ಅವಳು ಮೆಚ್ಚಿದ ಪ್ರಾಧ್ಯಾಪಕಿ ಇದ್ದದ್ದು ಮನಶ್ಶಾಸ್ತ್ರ ವಿಭಾಗದಲ್ಲಿ, 42.0101. ಆ ಸಾಲಿನ ಮೇಲೆ ಕೆಂಪು ಪೆನ್ನು ಎಳೆದು, "ವೇಸ್ಟ್" ಅಂದ. ಮೂವತ್ತೈದು ಲಕ್ಷ ಸಾಲ ಮಾಡುವ ಮನೆಯವರ ಎದುರು ಆ ಮಾತನ್ನು ತಪ್ಪು ಎನ್ನಲು ನನ್ನ ಬಾಯಿಗೂ ಆಗಲಿಲ್ಲ. ಇವತ್ತಿಗೂ ಅದಕ್ಕೆ ಮೈ ಉರಿಯುತ್ತದೆ, ಅವನ ಮೇಲಲ್ಲ.

ಅವಳೀಗ ಪಟ್ಟಿಯೊಳಗಿನ ಕೋಡ್ ಇರುವ ಬೇರೊಂದು ಊರಿಗೆ ಅರ್ಜಿ ಹಾಕಿದ್ದಾಳೆ. ಆ ಪ್ರಾಧ್ಯಾಪಕಿಗೆ ಬರೆದ ಪತ್ರ ಕಳಿಸದೆ ಡ್ರಾಫ್ಟ್‌ನಲ್ಲೇ ಉಳಿದಿದೆ.