‘ಗೊತ್ತಿಲ್ಲ’ ಅವರೊಡನೆ ನಾಲ್ಕು ಮಾತು

ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್ ವೈದ್ಯಕೀಯ ಶಾಲೆ 1970ರ ದಶಕದಲ್ಲಿ ‘ಪ್ರೋಗ್ರೆಸ್ ಟೆಸ್ಟ್’ ಎಂಬ ಪರೀಕ್ಷೆ ಶುರುಮಾಡಿತು. ಆಗ ಒಂದನೆಯ ವರ್ಷದವರಿಂದ ಆರನೆಯ ವರ್ಷದವರ ತನಕ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ, ವರ್ಷಕ್ಕೆ 4 ಸಲ. ಸರಿ ಉತ್ತರಕ್ಕೆ ಅಂಕ, ತಪ್ಪಿಗೆ ಕಡಿತ. ಎರಡರ ಗೊಡವೆಯೂ ಬೇಡವೆಂದವರಿಗೆ ಪ್ರಶ್ನಾರ್ಥಕ ಚಿಹ್ನೆಯ ವೇಷದಲ್ಲಿ ಇನ್ನೊಂದು ಆಯ್ಕೆ: ‘ಗೊತ್ತಿಲ್ಲ’. ಅದಕ್ಕೆ ಸೊನ್ನೆ.

ಪತ್ರಿಕೆಯ ವರದಿಗಾರ ಮಾತಿಗೆಳೆದದ್ದು ಈ ‘ಗೊತ್ತಿಲ್ಲ’ ಅವರನ್ನೇ.

ವರದಿಗಾರ: ಮೊದಲ ವರ್ಷದ ಮಕ್ಕಳಿಗೆ ಕೊನೆಯ ವರ್ಷದ ಪ್ರಶ್ನೆ ಕೊಡುವುದು ಅನ್ಯಾಯವಲ್ಲವೇ?

ಗೊತ್ತಿಲ್ಲ: ಅವರೇ ನನ್ನ ಪರಮ ಭಕ್ತರು! ಸಿಲಬಸ್ಸಿನಷ್ಟೂ ಪ್ರಶ್ನೆಗೆ ಬಂದರೆ ಹಿಂದಿನ ರಾತ್ರಿ ಉರು ಹೊಡೆದು ಏನೂ ಉಪಯೋಗವಿಲ್ಲ. ಆರು ವರ್ಷಗಳಲ್ಲಿ 24 ಸಲ ಅಳೆದರೆ ಏನು ಸೇರಿತು, ಏನು ಸೋರಿತು ಎರಡೂ ಕಾಣುತ್ತವೆ.

ವರದಿಗಾರ: ನಮ್ಮಲ್ಲಿ ಮೊದಲ ವರ್ಷ ಅನಾಟಮಿ ಪಾಸಾದರೆ ಮುಗಿಯಿತು.

ಗೊತ್ತಿಲ್ಲ: ಪುಸ್ತಕ ಜೂನಿಯರ್‌ಗೆ ದಾನ, ವಿಷಯ ಗಾಳಿಗೆ ದಾನ. ಡಚ್ ಸಂಶೋಧಕ ಯೂಜೀನ್ ಕಸ್ಟರ್ಸ್ 2010ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಜಾಲಾಡಿದರು. ಅನಾಟಮಿಯಂಥ ಮೂಲ ವಿಜ್ಞಾನಗಳಲ್ಲಿ ಕಲಿತದ್ದರ ಮೂರರಲ್ಲಿ ಎರಡು ಪಾಲು, ಹೆಚ್ಚೆಂದರೆ ಮುಕ್ಕಾಲು, ವರ್ಷದ ಬಳಿಕ ಉಳಿದಿರುತ್ತದಂತೆ. ಇನ್ನೊಂದು ವರ್ಷ ಕಳೆದರೆ ಅರ್ಧಕ್ಕಿಂತ ತುಸು ಕಡಿಮೆ. ಅಂಕಪಟ್ಟಿ ಮಾತ್ರ ಒಂದಂಕಿಯನ್ನೂ ಮರೆಯುವುದಿಲ್ಲ.

ವರದಿಗಾರ: ಅದು ಓದಿನ ಮಾತಾಯಿತು. ಕೈಯಿಂದ ಮಾಡಿ ಕಲಿತದ್ದು ಉಳಿಯುತ್ತದಲ್ಲ?

ಗೊತ್ತಿಲ್ಲ: ಹೃದಯ ನಿಂತವರ ಎದೆಯನ್ನು ಒತ್ತಿ ಬದುಕಿಸುವ ಸಿಪಿಆರ್ ಇದೆಯಲ್ಲ, ತರಬೇತಿಯಾದ ಕೆಲವೇ ತಿಂಗಳಲ್ಲಿ ಅದರ ಹಿಡಿತ ಸಡಿಲವಾಗುತ್ತದೆ. ಆ ತರಬೇತಿಗೆ ಕೊಡುವ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಕಾರ್ಡು ಮಾತ್ರ 2 ವರ್ಷ ಗಟ್ಟಿಯಾಗಿರುತ್ತದೆ. ಲ್ಯಾಮಿನೇಷನ್ ಮಾಡಿಸಿದರೆ ಇನ್ನೂ ಹೆಚ್ಚು.

ವರದಿಗಾರ: ಪರಿಹಾರ?

ಗೊತ್ತಿಲ್ಲ: ಬಿಟ್ಟು ಬಿಟ್ಟು ಕೇಳುತ್ತಿರಬೇಕು. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿದರು. ಐದು ನಿಮಿಷದ ನಂತರ ಕೇಳಿದಾಗ, ಪಾಠವನ್ನು ಮತ್ತೆ ಮತ್ತೆ ಓದಿದವರದೇ ಮೇಲುಗೈ. ವಾರದ ನಂತರ ಗೆದ್ದವರು, ಓದಿದ್ದನ್ನು ನೆನಪಿನಿಂದ ಬರೆದು ಪರೀಕ್ಷಿಸಿಕೊಂಡವರು. ಆದರೂ ಹಾಸ್ಟೆಲ್‌ಗಳಲ್ಲಿ ಆ ಐದು ನಿಮಿಷದ ವಿದ್ಯೆಗೇ ಗಿರಾಕಿ ಜಾಸ್ತಿ.

ವರದಿಗಾರ: ಡಾಕ್ಟರಾದ ಮೇಲೂ ನಿಮ್ಮನ್ನು ನೆನೆಯುತ್ತಾರೆಯೇ?

ಗೊತ್ತಿಲ್ಲ: ಮನಸ್ಸಿನಲ್ಲಿ ನೆನೆಯುತ್ತಾರೆ. ಚೀಟಿಯಲ್ಲಿ ಮಾತ್ರ ನನ್ನ ಹೆಸರು ಬರೆಯುವುದಿಲ್ಲ. ನಾಲ್ಕು ಬ್ಲಡ್ ಟೆಸ್ಟು, ಒಂದು ಸ್ಕ್ಯಾನು ಬರೆಯುತ್ತಾರೆ. ಪರೀಕ್ಷೆಯಲ್ಲಿ ನಾನು ಪುಕ್ಕಟೆ ಸಿಗುತ್ತಿದ್ದೆ. ಆಸ್ಪತ್ರೆಯಲ್ಲಿ ನನ್ನ ಬಿಲ್ಲು ರೋಗಿಯ ಹೆಸರಿಗೆ.