ಶಾಂಪೂ ಭಾವ

ನಮ್ಮ ಭಾವ ಊರಿಗೆ ಬರುತ್ತಾರೆಂದರೆ ಅಕ್ಕನದೊಂದು ಬ್ಯಾಗು, ಮಕ್ಕಳದೊಂದು ಬ್ಯಾಗು, ಭಾವನ ತಲೆಯದೊಂದು ಬ್ಯಾಗು. ಮೂರನೆಯದನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಅದರೊಳಗೆ ಎರಡು ಬಗೆಯ ಶಾಂಪೂ, ಒಂದು ಕಂಡೀಷನರ್, ಅಗಲ ಹಲ್ಲಿನ ಮರದ ಬಾಚಣಿಗೆ, ಹಳೆಯ ಕಾಟನ್ ಟೀ ಶರ್ಟು (ತೊಡುವುದಕ್ಕಲ್ಲ, ತಲೆ ಒರೆಸಿಕೊಳ್ಳುವುದಕ್ಕೆ), ಷವರಿಗೆ ತಿರುಗಿಸಿ ಕೂರಿಸುವ ಫಿಲ್ಟರು, ನೀರಿನ ಟಿಡಿಎಸ್ (ಕರಗಿದ ಲವಣ) ಅಳೆಯುವ ಪೆನ್ನಿನುದ್ದದ ಒಂದು ಮೀಟರು. ಮೈಸೂರಿನ ನಮ್ಮ ಮನೆಯ ಬಚ್ಚಲಲ್ಲಿ ಷವರೇ ಇಲ್ಲ, ಬಕೆಟ್ಟು ಚೊಂಬೇ ಗತಿ ಎಂದು ಅವರಿಗೆ ಮದುವೆಯಾದಾಗಿನಿಂದ ಗೊತ್ತು. ಆದರೂ ಫಿಲ್ಟರು ಬರುತ್ತದೆ, ನಾಲ್ಕು ದಿನ ಕಿಟಕಿಯ ಮೇಲೆ ಕೂತಿದ್ದು ವಾಪಸ್ ಹೋಗುತ್ತದೆ.

ಭಾವನಿಗೆ ನಲವತ್ತು ದಾಟಿದೆ. ಬೆಂಗಳೂರಿನ ವೈಟ್‌ಫೀಲ್ಡ್ ಕಡೆ ಅಪಾರ್ಟ್‌ಮೆಂಟು, ಕೈತುಂಬ ಸಂಬಳ, ಒಳ್ಳೆಯ ಮನಸ್ಸು. ಹಣೆ ಮಾತ್ರ ವರ್ಷದಿಂದ ವರ್ಷಕ್ಕೆ ಒತ್ತುವರಿ ಮಾಡಿಕೊಂಡು ಹೋಗುತ್ತಿದೆ. ಇಂಥವರು ನಮ್ಮ ಮನೆಗೆ ಮಾತ್ರ ಅಳಿಯಂದಿರಾಗಿ ಸಿಕ್ಕಿದ್ದಾರೆ ಎಂಬ ಭ್ರಮೆ ನನಗಿಲ್ಲ. ಆಫೀಸಿನ ಕ್ಯಾಂಟೀನಿನಲ್ಲಿ, ಮದುವೆಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುವವರ ನಡುವೆ, ವಾಕಿಂಗ್ ಮುಗಿಸಿ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತವರಲ್ಲಿ ನೀವೂ ನೋಡಿರುತ್ತೀರಿ. ಗುರುತು ಸುಲಭ. ನಿಮ್ಮನ್ನು ಮಾತಾಡಿಸುವಾಗ ಅವರ ದೃಷ್ಟಿ ನಿಮ್ಮ ಕಣ್ಣಿನ ಮೇಲಿರುವುದಿಲ್ಲ, ಅದಕ್ಕಿಂತ ನಾಲ್ಕೈದು ಇಂಚು ಮೇಲಿರುತ್ತದೆ. "ಚೆನ್ನಾಗಿದ್ದೀರಾ?" ಆದ ಮೇಲಿನ ಎರಡನೇ ಪ್ರಶ್ನೆ, "ವಾರಕ್ಕೆ ಎಷ್ಟು ಸಲ?"

ಇವರನ್ನು ನೋಡಿ ನಕ್ಕು ಸುಮ್ಮನಾಗಿಬಿಡಬಹುದಿತ್ತು. ತೊಂದರೆ ಏನೆಂದರೆ ಅವರು ಹೇಳುವುದರಲ್ಲಿ ಮುಕ್ಕಾಲು ಪಾಲು ಸರಿ. ಶಾಂಪೂ ನೆತ್ತಿಗೆ, ಕಂಡೀಷನರ್ ತುದಿಗೆ. ಇದು ಭಾವ ಮನೆಮಂದಿಗೆಲ್ಲ ಕೊಟ್ಟಿರುವ ಉಪದೇಶ. ಜಿಡ್ಡು ಹುಟ್ಟುವುದು ನೆತ್ತಿಯ ಚರ್ಮದಲ್ಲಿ, ಆದ್ದರಿಂದ ಉಜ್ಜಬೇಕಾದದ್ದು ಅಲ್ಲಿ, ಅದೂ ಬೆರಳ ತುದಿಯಿಂದ, ಉಗುರಿನಿಂದಲ್ಲ. ಕೆಳಗಿನ ಕೂದಲಿಗೆ ಇಳಿದು ಬರುವ ನೊರೆಯೇ ಸಾಕು. ಅದನ್ನು ಬಟ್ಟೆ ಒಗೆದ ಹಾಗೆ ಕುಕ್ಕಿ ಕಸಕಿದರೆ ಮೇಲ್ಪದರ ಎದ್ದು ಒರಟಾಗುತ್ತದೆ. ಕೂದಲು ತಿಂಗಳಿಗೆ ಬೆಳೆಯುವುದು ಹೆಚ್ಚುಕಡಿಮೆ ಒಂದು ಸೆಂಟಿಮೀಟರು. ಅಂದಮೇಲೆ ಉದ್ದ ಕೂದಲಿನ ತುದಿಗೆ ವರ್ಷಗಳ ವಯಸ್ಸಾಗಿರುತ್ತದೆ. ಈ ಲೆಕ್ಕ ಹಾಕಿ ಭಾವ ಒಂಬತ್ತು ವರ್ಷದ ಮಗಳನ್ನು ಕೂರಿಸಿಕೊಂಡು ಹೇಳಿದರು: "ಪುಟ್ಟಿ, ನಿನ್ನ ಜಡೆಯ ತುದಿ ನೀನು ಎಲ್‌ಕೆಜಿಗೆ ಸೇರಿದ ವರ್ಷದ್ದು. ಅದಕ್ಕೆ ಸ್ವಲ್ಪ ಮರ್ಯಾದೆ ಕೊಡು." ಮಗು ಆವತ್ತು ಜಡೆ ಹಾಕಿಸಿಕೊಳ್ಳಲು ಹೆದರಿತು.

ಒದ್ದೆ ಕೂದಲು ಒಣಗಿದ್ದಕ್ಕಿಂತ ಹೆಚ್ಚು ಹಿಗ್ಗುತ್ತದೆ, ಹಿಗ್ಗಿದ್ದನ್ನು ಎಳೆದರೆ ತುಂಡಾಗುತ್ತದೆ. ಇದೂ ನಿಜ. ಆದರೆ ನಮ್ಮ ಅಕ್ಕ ಹೆಂಗಸರ ಹಳೆಯ ಪದ್ಧತಿಯವಳು. ತಲೆಗೆ ಎರೆದುಕೊಂಡು ಹಿತ್ತಿಲಿಗೆ ಬಂದು, ಬಗ್ಗಿ, ಕೂದಲನ್ನು ಮುಂದಕ್ಕೆ ಚೆಲ್ಲಿ, ಟವೆಲ್ಲಿನಿಂದ ಪಟಪಟನೆ ಬಡಿಯುತ್ತಾಳೆ. ಆ ಸದ್ದು ಕೇಳಿದರೆ ಭಾವ ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುತ್ತಾರೆ.

ಸೂಪರ್‌ಮಾರ್ಕೆಟ್ಟಿನಲ್ಲಿ ಅವರ ಜೊತೆ ಹೋಗಬಾರದು. ಶಾಂಪೂ ಸಾಲಿನ ಮುಂದೆ ಕನ್ನಡಕ ಏರಿಸಿ, ಬಾಟಲಿ ತಿರುಗಿಸಿ, ಬೆನ್ನಿನ ಸಣ್ಣಕ್ಷರ ಓದಲು ನಿಂತರೆ ಅಕ್ಕ ಅಷ್ಟರಲ್ಲಿ ತಿಂಗಳ ದಿನಸಿ ಮುಗಿಸಿ ಬಿಲ್ಲು ಮಾಡಿಸಿರುತ್ತಾಳೆ. "ನೋಡು ಕಣೋ, ಯಾವುದು ಹೆಚ್ಚಿಗೆ ಇರುತ್ತೋ ಅದನ್ನ ಮೊದಲು ಬರೀತಾರೆ. ಮೊದಲನೇದು ಏನಿದೆ? ನೀರು. ನಾನೂರು ರೂಪಾಯಿ ಕೊಟ್ಟು ನೀರು ಮನೆಗೆ ಹೊತ್ತುಕೊಂಡು ಹೋಗ್ತೀವಿ." ಎರಡನೆಯದು ಸಾಮಾನ್ಯವಾಗಿ ಸೋಡಿಯಂ ಲಾರೆತ್ ಸಲ್ಫೇಟು, ನೊರೆ ಬರಿಸುವ ವಸ್ತು. ಸಲ್ಫೇಟ್ ಎಂದು ಕಂಡ ಕೂಡಲೇ ಬಾಟಲಿ ಶೆಲ್ಫಿಗೆ ವಾಪಸ್. ಸಲ್ಫೇಟ್ ಇಲ್ಲದ್ದು ಎಂದು ಬರೆದಿರುವ, ಎರಡರಷ್ಟು ಬೆಲೆಯ ಬಾಟಲಿ ಬುಟ್ಟಿಗೆ. ಅದರಲ್ಲಿ ನೊರೆ ಕಮ್ಮಿ. ನೊರೆ ಕಾಣದೆ ಭಾವನಿಗೆ ಸಮಾಧಾನವಿಲ್ಲ, ಆದ್ದರಿಂದ ಎರಡರಷ್ಟು ಸುರಿದುಕೊಳ್ಳುತ್ತಾರೆ. ಅಲ್ಲಿಗೆ ಖರ್ಚು ನಾಲ್ಕರಷ್ಟು.

ಕೋಲಾರದಲ್ಲಿ ಚಿಕ್ಕಪ್ಪನ ಮಗಳ ಮದುವೆ. ಛತ್ರದ ರೂಮಿಗೆ ಹೋದವರೇ ಭಾವ ಮುಖ ತೊಳೆಯುವ ಮೊದಲು ಬಕೆಟ್ಟಿಗೆ ಮೀಟರು ಅದ್ದಿದರು. "ಸಾವಿರ ದಾಟಿತು!" ಎಂದು ಕೂಗಿದ್ದು ಪಕ್ಕದ ರೂಮಿಗೂ ಕೇಳಿಸಿ, ಬೀಗರ ಕಡೆಯ ಹಿರಿಯರೊಬ್ಬರು ಉಡುಗೊರೆ ದುಡ್ಡಿನ ಲೆಕ್ಕ ನಡೆಯುತ್ತಿದೆಯೇನೋ ಎಂದು ಇಣುಕಿ ನೋಡಿದರು. ಕುಡಿಯುವ ನೀರಿನಲ್ಲಿ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದ ಕಡೆ 2000ದವರೆಗೂ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ ಬ್ಯೂರೋ. ಭಾವನ ಮೀಟರು ನೀರಿನಲ್ಲಿ ವಿದ್ಯುತ್ತು ಎಷ್ಟು ಹರಿಯುತ್ತದೆ ಎಂಬುದರಿಂದ ಒಟ್ಟು ಲವಣವನ್ನು ಅಂದಾಜು ಮಾಡುತ್ತದೆ, ಅಷ್ಟೆ. ನೀರನ್ನು ಗಡಸು ಮಾಡುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಅದರಲ್ಲೆಷ್ಟು ಎಂದು ಅದಕ್ಕೆ ಹೇಳಲು ಬರುವುದಿಲ್ಲ. ಗಡಸು ನೀರಿಗೆ ಸೋಪು ಹಾಕಿದರೆ ನೊರೆ ಬರದೆ ಕೂದಲಿಗೆ ಬಿಳಿ ಗಷ್ಟು ಅಂಟಿಕೊಳ್ಳುತ್ತದೆ. ಶಾಂಪೂವಿಗೆ ಅಷ್ಟು ತೊಂದರೆಯಿಲ್ಲ, ಆದರೂ ಕೂದಲು ಒರಟೆನಿಸುವುದುಂಟು. ಇನ್ನು ಆ ಷವರ್ ಫಿಲ್ಟರು ಕ್ಲೋರಿನ್ನು, ತುಕ್ಕು ಹಿಡಿದೀತು. ಗಡಸುತನ ತೆಗೆಯಬೇಕಾದರೆ ಉಪ್ಪು ಹಾಕುತ್ತಿರಬೇಕಾದ ದೊಡ್ಡ ಸಾಫ್ಟ್‌ನರ್ ಬೇಕು. ಈ ಮಾತನ್ನು ಭಾವನ ಮುಂದೆ ಆಡುವ ಧೈರ್ಯ ನಮಗ್ಯಾರಿಗೂ ಬಂದಿಲ್ಲ. ಫಿಲ್ಟರಿಗೆ ಎಷ್ಟು ಕೊಟ್ಟರೆಂಬುದು ಅಕ್ಕನಿಗೂ ಇನ್ನೂ ಗೊತ್ತಿಲ್ಲ.

ಮುಹೂರ್ತದ ಬೆಳಿಗ್ಗೆ ಅಡುಗೆಯವರು ಎಣಿಸಿಟ್ಟಿದ್ದ ಇಪ್ಪತ್ತು ಲೀಟರಿನ ಕುಡಿಯುವ ನೀರಿನ ಕ್ಯಾನುಗಳಲ್ಲಿ ಒಂದು ಕಾಣೆಯಾಗಿತ್ತು. ಫೋಟೋಗಳಲ್ಲಿ ಭಾವನ ಕೂದಲು ಬಹಳ ಚೆನ್ನಾಗಿ ಬಂದಿದೆ.

ಸ್ನಾನವಾದ ಮೇಲೆ ಬಚ್ಚಲ ಜಾಲರಿಯಲ್ಲಿ ಸಿಕ್ಕ ಕೂದಲನ್ನು ಬಿಳಿ ಹಾಳೆಯ ಮೇಲೆ ಹರಡಿ ಎಣಿಸುವುದು ಅವರ ಇನ್ನೊಂದು ವ್ರತ. ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿರುತ್ತದೆ, ದಿನಕ್ಕೆ ಐವತ್ತರಿಂದ ನೂರು ಉದುರುವುದು ಸಹಜ ಎಂದು ನಮಗೆ ಹೇಳಿಕೊಟ್ಟವರೇ ಅವರು. ಮೂರು ದಿನಕ್ಕೊಮ್ಮೆ ತಲೆಸ್ನಾನ ಮಾಡುವವರಿಗೆ ಮೂರು ದಿನದ್ದು ಒಟ್ಟಿಗೇ ಬರುತ್ತದೆ ಎಂಬ ಭಾಗಾಕಾರ ಮಾತ್ರ ಆ ಹಾಳೆಯ ಮುಂದೆ ಕೂತಾಗ ಮರೆತುಹೋಗುತ್ತದೆ. ಒಮ್ಮೆ ಅವರಿಗೆ ಡೆಂಗೇ ಬಂತು. ವಾಸಿಯಾಗಿ ಎರಡು ಮೂರು ತಿಂಗಳಿಗೆ ಕೂದಲು ಹಿಡಿಹಿಡಿಯಾಗಿ ಉದುರತೊಡಗಿತು. ಜೋರು ಜ್ವರ, ಹೆರಿಗೆ, ದೊಡ್ಡ ಆಪರೇಷನ್ ಆದ ಮೇಲೆ ಹೀಗಾಗುವುದುಂಟು. ಹಲವು ಬೇರುಗಳು ಒಟ್ಟಿಗೆ ವಿಶ್ರಾಂತಿಗೆ ಹೋಗಿ ಕೆಲವು ವಾರಗಳ ನಂತರ ಒಟ್ಟಿಗೆ ಕೂದಲು ಬಿಡುತ್ತವೆ, ಆಮೇಲೆ ತಾವಾಗಿಯೇ ಸರಿಹೋಗುತ್ತವೆ. ಆ ತಿಂಗಳುಗಳಲ್ಲಿ ಭಾವ ಶಾಂಪೂ ಬದಲಿಸಿದ್ದೇ ಬದಲಿಸಿದ್ದು. ಉದುರುವುದು ನಿಂತಾಗ ಕೈಯಲ್ಲಿದ್ದ ಬಾಟಲಿಗೆ ಕೀರ್ತಿ ಬಂತು. ಈಗಲೂ ಎಲ್ಲರಿಗೂ ಅದನ್ನೇ ಕೊಳ್ಳಿ ಎನ್ನುತ್ತಾರೆ.

ಅವರ ಶಾಸ್ತ್ರಕ್ಕೂ ನಮ್ಮಮ್ಮನ ಶಾಸ್ತ್ರಕ್ಕೂ ಮುಖಾಮುಖಿಯಾಗುವುದು ವರ್ಷಕ್ಕೊಂದು ದಿನ, ನರಕ ಚತುರ್ದಶಿ. ನೀರು ತುಂಬುವ ಹಬ್ಬದ ಸಂಜೆಯೇ ಹಂಡೆ ತಿಕ್ಕಿ ಪೂಜೆ ಮಾಡಿ ನೀರು ತುಂಬಿಸಿ ಆಗಿರುತ್ತದೆ. ಬೆಳಗಿನ ಜಾವ ಒಲೆ ಹೊತ್ತಿಸಿ, ಮಣೆ ಹಾಕಿ, ರಂಗೋಲಿ ಎಳೆದು, ಅಮ್ಮ ಎಣ್ಣೆ ಬಟ್ಟಲು ಹಿಡಿದು ಬರುತ್ತಾಳೆ. ಅಳಿಯಂದಿರನ್ನು ಕೂರಿಸಿ, ಏಳು ಮಂದಿ ಚಿರಂಜೀವಿಗಳ ಹೆಸರು ಹೇಳುತ್ತ ನೆತ್ತಿಗೆ ಎಣ್ಣೆ ಒತ್ತುವುದು ಪದ್ಧತಿ. ಒಂದು ವರ್ಷ ಭಾವ ಕೈ ಅಡ್ಡ ಹಿಡಿದರು.

"ಅತ್ತೆ, ದಯವಿಟ್ಟು ನೆತ್ತಿಗೆ ಬೇಡಿ. ನಂಗೆ ಹೊಟ್ಟಿದೆ. ಹೊಟ್ಟು ಬರಿಸೋ ಶಿಲೀಂಧ್ರಕ್ಕೆ ಜಿಡ್ಡೇ ಊಟ."

"ಹಬ್ಬದ ದಿನ ಅದೂ ಒಂದು ಊಟ ಮಾಡ್ಲಿ ಬಿಡಿ," ಎಂದಳು ಅಮ್ಮ. ಎಣ್ಣೆ ಬಿತ್ತು.

ಮಾತಿನಲ್ಲಿ ಸೋತದ್ದು ಭಾವ, ವಿಷಯದಲ್ಲಿ ಸೋತದ್ದು ಅಮ್ಮ. ಮಲಸೀಸಿಯ ಎಂಬ ಆ ಶಿಲೀಂಧ್ರ ಎಲ್ಲರ ನೆತ್ತಿಯ ಮೇಲೂ ಇರುತ್ತದೆ, ಜಿಡ್ಡು ತಿಂದೇ ಬದುಕುತ್ತದೆ. ಹೊಟ್ಟು ಇರುವವರು ನೆತ್ತಿಗೆ ಎಣ್ಣೆ ಮೆತ್ತಿ ರಾತ್ರಿಯಿಡೀ ಬಿಟ್ಟರೆ ಹೊಟ್ಟು ಹೆಚ್ಚುವುದೇ ಹೆಚ್ಚು. ಮುಂದಿನ ಸುತ್ತಿನಲ್ಲಿ ಭಾವ ಸ್ವಲ್ಪ ರಾಜಿಗೆ ಬಂದರು. "ಕೂದಲಿಗೆ ಬೇಕಾದ್ರೆ ಕೊಬ್ಬರಿ ಎಣ್ಣೆ ಹಚ್ಚಿ ಅತ್ತೆ. ಸ್ನಾನಕ್ಕೆ ಮುಂಚೆ ಹಚ್ಚಿದ್ರೆ ಅದು ಕೂದಲ ಒಳಕ್ಕೆ ಇಳಿದು ಪ್ರೋಟೀನು ಹೋಗದ ಹಾಗೆ ಕಾಪಾಡುತ್ತೆ. 2003ರಲ್ಲಿ ವಿಜ್ಞಾನಿಗಳು ತೋರಿಸಿದ್ದಾರೆ."

"ಹೌದಾ? ಪಾಪ, ಅಲ್ಲೀವರೆಗೆ ಅವರಿಗೆ ಯಾರೂ ಹೇಳಿರ್ಲಿಲ್ವೇನೋ."

ಆಮೇಲೆ ಸೀಗೆಪುಡಿ. ಚಿಗರೆಪುಡಿ, ಮೆಂತ್ಯ ಸೇರಿಸಿ ಬಿಸಿನೀರಿನಲ್ಲಿ ಗಂಜಿಯ ಹದಕ್ಕೆ ಕಲಸಿದ್ದ ಬಟ್ಟಲಿಗೆ ಭಾವ ಒಂದು ಪಿಎಚ್ ಕಾಗದದ ಪಟ್ಟಿ ಅದ್ದಿದರು. ಅದೂ ಆ ಬ್ಯಾಗಿನಲ್ಲೇ ಇತ್ತಂತೆ. ನೆತ್ತಿಯ ಚರ್ಮ ತುಸು ಆಮ್ಲೀಯ, ಐದೂವರೆಯ ಆಸುಪಾಸು, ಸೀಗೆಯೂ ಆಮ್ಲೀಯವೇ. ಪಟ್ಟಿ ಹಳದಿಗೆ ತಿರುಗಿತು. ಭಾವ ಅದನ್ನು ದೀಪದ ಬೆಳಕಿಗೆ ಹಿಡಿದು, ಹಿಂದೆ ಮುಂದೆ ನೋಡಿ, ಏನೂ ಹೇಳಲಿಲ್ಲ. "ಪಾಸಾಯ್ತಾ ಅಳಿಯಂದ್ರೆ?" ಎಂದು ಅಮ್ಮನೇ ಕೇಳಿದಳು. ಅಂಕ ಕೊಡದೆ ಅವರು ದೂರು ಹೇಳಿದರು: ಪುಡಿ ತರಿ ಜಾಸ್ತಿ, ಎಷ್ಟು ನೀರು ಸುರಿದರೂ ಪೂರ್ತಿ ಹೋಗುವುದಿಲ್ಲ, ಕಣ್ಣಿಗೆ ಬಿದ್ದರೆ ಉರಿ. ಮೂರೂ ನಿಜ. ಸೀಗೆಪುಡಿಯ ಉರಿಗೆ ಬಚ್ಚಲಲ್ಲಿ ಅರಚದೆ ದೊಡ್ಡವರಾದ ಮಕ್ಕಳು ನಮ್ಮ ತಲೆಮಾರಿನಲ್ಲಿ ಯಾರೂ ಇಲ್ಲ.

ಅದೇ ಪಟ್ಟಿಯ ಇನ್ನೊಂದು ತುಂಡನ್ನು ಅಪ್ಪನ ಸೋಪಿನ ನೊರೆಗೆ ಹಿಡಿದಾಗ ಮಾತ್ರ ಅದು ನೀಲಿಗೆ ಹೊರಳಿ, ಭಾವನಿಗೆ ಹಬ್ಬದ ಕಳೆ ಬಂತು. ಸ್ನಾನದ ಸೋಪಿನ ಪಿಎಚ್ ಒಂಬತ್ತು ಹತ್ತು ಇರುತ್ತದೆ, ಕೂದಲಿಗೆ ಅದು ಒಗ್ಗುವುದಿಲ್ಲ. ಅಪ್ಪ ಬುದ್ಧಿ ಬಂದಾಗಿನಿಂದ ಮೈಗೂ ತಲೆಗೂ ಒಂದೇ ಮೈಸೂರು ಸ್ಯಾಂಡಲ್ ಸೋಪು ಹಾಕಿಕೊಳ್ಳುವವರು.

"ಮಾವ, ಇದು ತಲೆಗೆ ಹಾಕೋದಲ್ಲ."

"1916ರಲ್ಲಿ ಮಹಾರಾಜರ ಕಾಲದಲ್ಲಿ ಶುರುವಾದ ಫ್ಯಾಕ್ಟರಿ ಅಳಿಯಂದ್ರೆ, ಯಾರ ತಲೆ ಹೋಯ್ತು?" ಎಂದು ಎಪ್ಪತ್ತು ದಾಟಿದ ಅಪ್ಪ ತಮ್ಮ ದಟ್ಟ ಬಿಳಿ ಕೂದಲನ್ನು ಕೈಯಿಂದಲೇ ಹಿಂದಕ್ಕೆ ತೀಡಿಕೊಂಡರು. ವಿಜ್ಞಾನ ಭಾವನ ಕಡೆಗಿತ್ತು, ಕೂದಲು ಅಪ್ಪನ ಕಡೆಗಿತ್ತು.

ಗಂಡಸರ ಹಣೆ ಹಿಂದೆ ಸರಿಯುವುದು ಹೆಚ್ಚಾಗಿ ವಂಶದಿಂದ, ಹಾರ್ಮೋನಿನಿಂದ. ಅದಕ್ಕೆ ಚರ್ಮದ ವೈದ್ಯರ ಬಳಿ ಔಷಧಿಯುಂಟು, ಶಾಂಪೂವಿನಲ್ಲಿಲ್ಲ. ಇದೂ ಭಾವನಿಗೆ ಗೊತ್ತಿದೆ. ಗೊತ್ತಿದ್ದೂ, ತಾಯಿಯ ತಂದೆಗೆ ಕೂದಲಿದ್ದರೆ ಮೊಮ್ಮಗನಿಗೂ ಇರುತ್ತದೆ ಎಂಬ ಜನರ ನಂಬಿಕೆಯನ್ನು ಮಾತ್ರ ಬಿಟ್ಟುಕೊಟ್ಟಿಲ್ಲ. ತಾಯಿಯ ಕಡೆಯಿಂದ ಬರುವುದು ಒಂದು ಪಾಲು ಅಷ್ಟೆ, ತಂದೆಯ ಕಡೆಯಿಂದಲೂ ಬರುತ್ತದೆ. ಆದರೂ ಅಜ್ಜನ ಫೋಟೋಗಳನ್ನೆಲ್ಲ ತರಿಸಿ ನೋಡಿದರು. ಅಜ್ಜ ಹಳೇ ಮೈಸೂರಿನ ಶಾನುಭೋಗರು. ಒಂದೊಂದು ಫೋಟೋದಲ್ಲೂ ಜರಿಪೇಟ. ಒಳಗೇನಿತ್ತು ಎಂದು ಹೇಳಬಲ್ಲವರು ಈಗ ಯಾರೂ ಬದುಕಿಲ್ಲ. ತಂದೆಯ ಕಡೆಯ ವಿಚಾರವನ್ನು ಅವರೂರಿನ ಹಳೆಯ ಸಲೂನಿನವರು ಒಂದೇ ಮಾತಿನಲ್ಲಿ ಮುಗಿಸಿದರು: "ನಿಮ್ಮ ತಂದೆಯವರಿಗೂ ನಾನೇ ಮಾಡ್ತಿದ್ದೆ ಸಾರ್. ನಿಮ್ಮ ವಯಸ್ಸಿಗೆ ಅವರಿಂದ ಅರ್ಧ ರೇಟು ತಗೋತಿದ್ದೆ."

ಇಂಥ ಭಾವ ನಿಮ್ಮ ಮನೆಗೂ ಬಂದರೆ ನಗಬೇಡಿ, ಹೇಳಿದ್ದನ್ನು ಕೇಳಿಸಿಕೊಳ್ಳಿ. ಉಗುರುಬೆಚ್ಚಗಿನ ನೀರು, ನೆತ್ತಿಗಷ್ಟೇ ಶಾಂಪೂ, ಒದ್ದೆ ಕೂದಲಿಗೆ ಬಾಚಣಿಗೆ ಹಾಕದಿರುವುದು, ಇವಕ್ಕೆ ಕಾಸೇನೂ ಖರ್ಚಿಲ್ಲ. ಹೊಟ್ಟು ಇದ್ದವರು ಕೀಟೊಕೊನಜೋಲ್ ಶಾಂಪೂ ಹಾಕಿ ಮೂರರಿಂದ ಐದು ನಿಮಿಷ ಹಾಗೇ ಬಿಟ್ಟು ತೊಳೆಯಬೇಕು ಎಂದು ಅವರು ಹೇಳುವುದೂ ಸರಿ. ಆ ಐದು ನಿಮಿಷವನ್ನು ಅವರು ಫೋನಿನಲ್ಲಿ ಟೈಮರ್ ಇಟ್ಟುಕೊಂಡು ಬಚ್ಚಲೊಳಗೇ ಕಳೆಯುತ್ತಾರೆ. ಆಮೇಲೆ ಎರಡನೇ ಶಾಂಪೂ, ಆಮೇಲೆ ಕಂಡೀಷನರ್, ಅದಕ್ಕೊಂದು ಟೈಮರ್. ಹಬ್ಬದ ಬೆಳಿಗ್ಗೆ, ಒಂದೇ ಬಚ್ಚಲಿನ ಮನೆಯಲ್ಲಿ, ಅವರಿಗಿಂತ ಮೊದಲು ನಿಮ್ಮ ಸ್ನಾನ ಮುಗಿಸಿಕೊಂಡುಬಿಡಿ.